ಈ ಗಾಡಿ ಯಾಕ ವಾಪಸ್ ಬಂತು?

ಬೆಂಗಳೂರಿನ ಬಸ್ಸಿನಿಂದ ಬನಹಟ್ಟಿಯಲ್ಲಿ ಇಳಿದರೆ ಮೊದಲು ಕಿವಿಗೆ ಬೀಳುವುದು ಮಗ್ಗದ ಸಪ್ಪಳ. ನಿದ್ದೆಗಣ್ಣಲ್ಲಿ ಬ್ಯಾಗು ಹೆಗಲಿಗೇರಿಸಿಕೊಂಡು ಓಣಿಯೊಳಗೆ ನಡೆದರೆ ಎರಡೂ ಬದಿಯ ಮನೆಗಳಿಂದ ಖಟ್‌ಖಟ್, ಖಟ್‌ಖಟ್. ಕರೆಂಟು ಇದೆ ಅಂತ ಅರ್ಥ. ಸಪ್ಪಳ ನಿಂತಿದ್ದರೆ ಓಣಿಯವರೆಲ್ಲ ಕಟ್ಟೆಯ ಮೇಲೆ ಕೂತಿರುತ್ತಾರೆ.

ಈ ಸಲ ನಾನು ಬಂದದ್ದು ಹಬ್ಬಕ್ಕಲ್ಲ. ದಸರಾ ಮುಗಿದಿತ್ತು, ದೀಪಾವಳಿಗೆ ಇನ್ನೂ ದಿನ ಇತ್ತು. ತಮ್ಮ ಫೋನ್ ಮಾಡಿದ್ದ. "ಯಕ್ಕಾ, ಜಮಖಂಡ್ಯಾಗ ಒಂದ ಲಾರಿ ಐತಿ. ಆರ ಗಾಲೀದು. 2021ರ ಮಾಡೆಲ್. ಕಂಪನಿಯವ್ರೇ ವಾಪಸ್ ತಗೊಂಡ ಗಾಡಿ, ಅವ್ರೇ ರಿಪೇರಿ ಮಾಡಿ ಮಾರಾಕತ್ತಾರ. ಇದಕ್ಕಿಂತ ಗ್ಯಾರಂಟಿ ಏನ ಬೇಕು?"

ನಾನು ಬೆಂಗಳೂರಿನಲ್ಲಿ ಲೆಕ್ಕಪರಿಶೋಧಕರ ಕಚೇರಿಯೊಂದರಲ್ಲಿ ಕೆಲಸ ಮಾಡುವವಳು. ದಿನವಿಡೀ ಬೇರೆಯವರ ಲೆಕ್ಕ ನೋಡುವುದೇ ಕೆಲಸ. ಹಾಗಾಗಿ "ಕಂಪನಿಯೇ ವಾಪಸ್ ತಗೊಂಡ" ಎಂಬ ಮಾತು ಕೇಳಿದ ಕೂಡಲೇ ನನಗೆ ಹೊಳೆದದ್ದು ಗ್ಯಾರಂಟಿ ಅಲ್ಲ, ಪ್ರಶ್ನೆ. ಮಾರಿದವನೇ ಮಾರಿದ್ದನ್ನು ತಿರುಗಿ ಯಾಕೆ ಕೊಳ್ಳುತ್ತಾನೆ?

ಕೇಳುತ್ತಿದ್ದ ಬೆಲೆ 15.5 ಲಕ್ಷ. ಫೈನಾನ್ಸ್‌ನವರು 11 ಲಕ್ಷ ಕೊಡಲು ಒಪ್ಪಿದ್ದರು: ಶೇ. 13ರ ಬಡ್ಡಿ, 48 ಕಂತು, ತಿಂಗಳಿಗೆ 29,500 ರೂಪಾಯಿ. ಉಳಿದದ್ದರಲ್ಲಿ 3 ಲಕ್ಷ ನನ್ನ ಉಳಿತಾಯ. ಒಂದೂವರೆ ಲಕ್ಷ ಅವ್ವನ ಬಂಗಾರ ಅಡವಿಟ್ಟು. ತಮ್ಮ ಆರು ವರ್ಷದಿಂದ ಬೇರೆಯವರ ಗಾಡಿ ಹೊಡೆಯುತ್ತಿದ್ದಾನೆ. ಗಾಜಿನ ಮೇಲೆ ತನ್ನ ಮನೆದೇವರ ಹೆಸರು ಬರೆಸಬೇಕು ಅನ್ನುವುದು ಅವನ ಆಸೆ. ಕಬ್ಬಿನ ಹಂಗಾಮು ಶುರುವಾಗುವ ಮೊದಲೇ ಗಾಡಿ ಕೈಯಲ್ಲಿರಬೇಕು ಎಂಬ ಅವಸರ ಬೇರೆ. ನಾಲ್ಕೈದು ರೈತರು ಬಾಡಿಗೆ ಕೊಡುತ್ತೇವೆ ಎಂದು ಮಾತು ಕೊಟ್ಟಿದ್ದರು.

ಅವ್ವ ಚಹಾ ಕೊಡುತ್ತಾ ಒಂದೇ ಮಾತು ಹೇಳಿದಳು. "ನಿಮ್ಮಪ್ಪ ಇಚಲಕರಂಜಿಯಿಂದ ಹಳೇ ಮಗ್ಗ ತರುವಾಗ ಹಾಸು ಹಚ್ಚಿ ಇಡೀ ದಿನ ಓಡಿಸಿ ನೋಡಿದ್ರು. ಬರೇ ಗಾಲಿ ತಿರುವಿ ನೋಡಿ ತರಲಿಲ್ಲ."

ಹೀಗೆ ನಮ್ಮ ಎರಡು ದಿನದ ತಿರುಗಾಟ ಶುರುವಾಯಿತು. ರಬಕವಿ-ಬನಹಟ್ಟಿಯಿಂದ ಜಮಖಂಡಿ, ಅಲ್ಲಿಂದ ಮುಧೋಳ, ಮರುದಿನ ಬೀಳಗಿ. ಹುಟ್ಟಿದಾಗಿನಿಂದ ಕಂಡ ಊರುಗಳೇ. ಆದರೆ ಒಂದು ಲಾರಿಯ ಹಿಂದೆ ಬಿದ್ದು ಯಾವತ್ತೂ ನೋಡಿರಲಿಲ್ಲ.

ಜಮಖಂಡಿ: ಕಾಗದ ಹೇಳಿದ್ದು, ಹೇಳದ್ದು

ಜಮಖಂಡಿ 1948ರವರೆಗೆ ಪಟವರ್ಧನರ ಸಂಸ್ಥಾನ. ರಾಮತೀರ್ಥದ ಗುಡ್ಡದ ಮೇಲೆ ಅವರ ಅರಮನೆ ಇನ್ನೂ ನಿಂತಿದೆ. ಶಾಲೆಯ ಟ್ರಿಪ್ಪಿನಲ್ಲಿ ನಾವೆಲ್ಲ ಅಲ್ಲಿಗೆ ಹೋಗಿ ಬುತ್ತಿ ಬಿಚ್ಚಿದವರೇ. ಈ ಸಲ ಗುಡ್ಡದ ಕಡೆ ತಿರುಗಲಿಲ್ಲ. ಊರ ಹೊರಗಿನ ಹಳೇ ಗಾಡಿಗಳ ಯಾರ್ಡಿಗೆ ಹೋದೆವು.

ಲಾರಿ ಚೆನ್ನಾಗಿತ್ತು. ನಿಜವಾಗಿಯೂ ಚೆನ್ನಾಗಿತ್ತು. ಹೊಸ ಬಣ್ಣ, ಹೊಸ ಟೈರು, ಕ್ಯಾಬಿನ್ನಿನಲ್ಲಿ ಪ್ಲಾಸ್ಟಿಕ್ ವಾಸನೆ. ಮೀಟರು 86 ಸಾವಿರ ಕಿಲೋಮೀಟರ್ ತೋರಿಸುತ್ತಿತ್ತು. ತಮ್ಮ ಸುತ್ತ ಒಂದು ಸುತ್ತು ಹಾಕಿ, ಸ್ಟೇರಿಂಗ್ ಹಿಡಿದು ಕೂತ. ಅವನ ಮುಖ ನೋಡಿ ನನಗೆ ಆಗಲೇ ಹೆದರಿಕೆ ಆಯಿತು. ಇಷ್ಟಪಟ್ಟವನಿಗೆ ಕಣ್ಣು ಕಾಣುವುದಿಲ್ಲ.

ಮಾರುವ ಹುಡುಗ ನಯವಾಗಿ ಮಾತಾಡಿದ. "ಮೇಡಂ, ಕಂಪನಿ ಬೈಬ್ಯಾಕ್ ಗಾಡಿ ರೀ. ಎಲ್ಲಾ ಚೆಕ್ ಮಾಡೇ ನಿಲ್ಲಿಸೇವಿ."

"ಬೈಬ್ಯಾಕ್ ಯಾಕೆ ಮಾಡಿದ್ರು?"

"ಅದು ಕಸ್ಟಮರ್ ಇಶ್ಯೂ ರೀ."

ನಾನು ಎಂ-ಪರಿವಾಹನ್ ಆ್ಯಪ್ ತೆಗೆದು ಗಾಡಿ ನಂಬರ್ ಹಾಕಿದೆ. ಕೆಎ-48, ಅಂದರೆ ನಮ್ಮದೇ ಜಮಖಂಡಿ ಕಚೇರಿಯ ನೋಂದಣಿ. ಫಿಟ್‌ನೆಸ್ ಇತ್ತು. ಟ್ರಾನ್ಸ್‌ಪೋರ್ಟ್ ಗಾಡಿಗೆ ಎಂಟು ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ ಫಿಟ್‌ನೆಸ್ ಮಾಡಿಸಬೇಕು. ವಿಮೆ ಇತ್ತು. ಸಾಲದ ಬಾಬ್ತು ಏನೂ ಇರಲಿಲ್ಲ. ಎಲ್ಲಾ ಸರಿ. ಒಂದು ಸಾಲಿನಲ್ಲಿ ಮಾತ್ರ ಕಣ್ಣು ನಿಂತಿತು. ಮಾಲೀಕರ ಕ್ರಮಸಂಖ್ಯೆ: 1.

ಗಾಡಿ ಇನ್ನೂ ಮೊದಲ ಮಾಲೀಕನ ಹೆಸರಿನಲ್ಲೇ ಇತ್ತು. ಕಂಪನಿ ವಾಪಸ್ ತಗೊಂಡದ್ದು ಯಾರ್ಡಿಗೆ ಗೊತ್ತು, ಕಾಗದಕ್ಕೆ ಗೊತ್ತಿಲ್ಲ.

ಇಲ್ಲೊಂದು ಮಾತು. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಪದೇ ಪದೇ ರಿಪೇರಿ ಮಾಡಿದರೂ ಸರಿಹೋಗದ ಕಾರನ್ನು ಕಂಪನಿ ತಿರುಗಿ ಕೊಂಡರೆ, ಅದರ ಒಡೆತನದ ಪತ್ರದ ಮೇಲೇ 'ಲೆಮನ್ ಲಾ ಬೈಬ್ಯಾಕ್' ಎಂದು ಅಚ್ಚಾಗುತ್ತದೆ. ಚಾಲಕನ ಬಾಗಿಲ ಚೌಕಟ್ಟಿಗೆ ಚೀಟಿ ಅಂಟಿಸಬೇಕು. ಮುಂದೆ ಕೊಳ್ಳುವವನಿಗೆ ದೋಷ ಏನಿತ್ತು ಅಂತ ಬರೆದು ಕೊಡಬೇಕು, ಆ ದೋಷಕ್ಕೆ ಒಂದು ವರ್ಷದ ವಾರಂಟಿಯನ್ನೂ ಕೊಡಬೇಕು. ಕೆಟ್ಟ ಗಾಡಿಗೆ ಅಲ್ಲಿನವರು 'ನಿಂಬೆಹಣ್ಣು' ಅನ್ನುತ್ತಾರೆ. ನಮ್ಮಲ್ಲಿ ನಿಂಬೆಹಣ್ಣನ್ನು ಮೆಣಸಿನಕಾಯಿ ಜೊತೆ ಪೋಣಿಸಿ ಬಂಪರಿಗೆ ಕಟ್ಟುತ್ತೇವೆ, ಪೂಜೆಯ ದಿನ ಗಾಲಿಗೆ ಕೊಟ್ಟು ಹಿಂಡುತ್ತೇವೆ. ಆದರೆ ನಮ್ಮ ಆರ್‌ಸಿಯಲ್ಲಿ ಗಾಡಿ ಯಾಕೆ ವಾಪಸ್ ಬಂತು ಅಂತ ಹೇಳುವ ಕಾಲಂ ಇಲ್ಲ. ಕೇಳಿಕೊಂಡು ಹೋಗುವುದೊಂದೇ ದಾರಿ.

ಯಾರನ್ನು ಕೇಳುವುದು? ಆ್ಯಪ್‌ನಲ್ಲಿ ಹೆಸರು ಅರ್ಧ ಮುಚ್ಚಿರುತ್ತದೆ. ಅಷ್ಟರಲ್ಲಿ ತಮ್ಮ ಹಿಂದಿನಿಂದ ಕೂಗಿದ. ಇಳಿಬಿಸಿಲು ಓರೆಯಾಗಿ ಬಿದ್ದಾಗ ಹಿಂಬದಿಯ ಬಾಗಿಲಿನ ಹೊಸ ಬಣ್ಣದ ಅಡಿಯಲ್ಲಿ ಹಳೇ ಅಕ್ಷರ ಉಬ್ಬಿ ಕಾಣುತ್ತಿದ್ದವು. 'ಬೀಳಗಿ ಶ್ರೀ ಸಿದ್ಧೇಶ್ವರ ಪ್ರಸನ್ನ.'

ಮುಧೋಳ: ಒಂದು ಭಾಗಾಕಾರ

ಟ್ರಯಲ್ ನೋಡುತ್ತೇವೆ ಎಂದು ಹೇಳಿ, ಯಾರ್ಡಿನ ಹುಡುಗನನ್ನೂ ಕೂರಿಸಿಕೊಂಡು ಮುಧೋಳದ ಕಡೆ ಹೊರಟೆವು. ಎರಡೂ ಬದಿ ಕಬ್ಬು. ಈ ತಿಂಗಳಲ್ಲಿ ನಮ್ಮ ಕಡೆ ರಸ್ತೆಯಲ್ಲಿ ಹೋಗುವುದೆಂದರೆ ಹಸಿರು ಗೋಡೆಗಳ ನಡುವೆ ಹೋದ ಹಾಗೆ. ಇನ್ನು ಕೆಲವೇ ದಿನ, ಕೊಯ್ಲಿನ ಗ್ಯಾಂಗುಗಳು ಬಂದು ಟೆಂಟು ಹಾಕುತ್ತಾರೆ. ಆಮೇಲೆ ಇದೇ ರಸ್ತೆಯ ತುಂಬ ಎರಡೆರಡು ಟ್ರೇಲರ್ ಎಳೆಯುವ ಟ್ರ್ಯಾಕ್ಟರುಗಳು, ಹಾಡು ಹಾಕಿಕೊಂಡು.

ಲಾರಿ ಬೆಣ್ಣೆಯ ಹಾಗೆ ಓಡಿತು. ತಮ್ಮ ನನ್ನ ಕಡೆ ನೋಡಿ ನಕ್ಕ.

ಮುಧೋಳ ಎಂದರೆ ಕನ್ನಡ ಓದಿದವರಿಗೆ ರನ್ನ. ಸಾವಿರ ವರ್ಷದ ಹಿಂದೆ ಇಲ್ಲಿಯ ಬಳೆಗಾರರ ಮನೆಯಲ್ಲಿ ಹುಟ್ಟಿ ಗದಾಯುದ್ಧ ಬರೆದವನು. ಉಳಿದವರಿಗೆ ಮುಧೋಳ ಅಂದರೆ ನಾಯಿ. ಅಂಚೆ ಇಲಾಖೆ 2005ರಲ್ಲಿ ಅದರ ಚಿತ್ರದ ಅಂಚೆಚೀಟಿ ತಂದಿತ್ತು. ದಾರಿಯಲ್ಲಿ ಚಹಾಕ್ಕೆ ನಿಂತ ಹೋಟೆಲಿನಲ್ಲಿ ಒಬ್ಬರು ಮರಿ ಕೊಳ್ಳುವ ವ್ಯವಹಾರ ಮಾತಾಡುತ್ತಿದ್ದರು. "ಮರಿ ಆಮ್ಯಾಲ ನೋಡ್ತೀನ್ರಿ. ಮೊದಲ ತಾಯಿನ್ನ ತೋರಸ್ರಿ. ಯಾರ ಮನ್ಯಾಗ ಬೆಳದೈತಿ ಹೇಳ್ರಿ." ಕೆಲವು ಸಾವಿರದ ನಾಯಿಮರಿಗೆ ಇಷ್ಟು ವಿಚಾರಣೆ. ಹದಿನೈದೂವರೆ ಲಕ್ಷದ ಗಾಡಿಗೆ ನಾವು ಟೈರು ಒದ್ದು ನೋಡಿ ಅಡ್ವಾನ್ಸ್ ಕೊಡಲು ಹೊರಟಿದ್ದೆವು.

ತಮ್ಮನ ಐಟಿಐ ಗೆಳೆಯನ ಗ್ಯಾರೇಜು ಅಲ್ಲೇ. ಅವನು ಸ್ಕ್ಯಾನರ್ ಹಚ್ಚಿದ. ದೋಷದ ಕೋಡುಗಳ ಪಟ್ಟಿ ಖಾಲಿ. "ಅಳಿಸ್ಯಾರ. ಅಳಿಸೋದು ದೊಡ್ಡ ಕೆಲಸ ಅಲ್ಲ ಬಿಡ್ರಿ" ಅಂದ. ಆಮೇಲೆ ಇನ್ನೊಂದು ಪುಟ ತೆರೆದು, "ಅಕ್ಕಾರ, ಇದನ್ನ ಬರಕೋರಿ" ಅಂದ. ಇಂಜಿನ್ ಓಡಿದ ಒಟ್ಟು ತಾಸು: 5,900.

ನನ್ನ ಕೈಗೆ ಲೆಕ್ಕ ಸಿಕ್ಕಿತು. 86 ಸಾವಿರ ಕಿಲೋಮೀಟರನ್ನು 5,900 ತಾಸಿಗೆ ಭಾಗಿಸಿದರೆ ತಾಸಿಗೆ ಸರಿಸುಮಾರು 14.5 ಕಿಲೋಮೀಟರ್. ಹೈವೇ ಮೇಲೆ ಓಡಿದ ಲಾರಿಯ ಸರಾಸರಿ ಇಷ್ಟು ಕಡಿಮೆ ಇರಲು ಸಾಧ್ಯವಿಲ್ಲ. ಈ ಗಾಡಿ ಓಡಿದ್ದಕ್ಕಿಂತ ನಿಂತಲ್ಲೇ ಗುರುಗುಟ್ಟಿದ್ದು ಹೆಚ್ಚು.

ಗೆಳೆಯ ಬಿಡಿಸಿ ಹೇಳಿದ. 2020ರ ಏಪ್ರಿಲ್‌ನಿಂದ ಬಂದ ಬಿಎಸ್-6 ಡೀಸೆಲ್ ಲಾರಿಗಳಲ್ಲಿ ಸೈಲೆನ್ಸರ್ ಅಂದರೆ ಬರೀ ಕೊಳವೆಯಲ್ಲ. ಹೊಗೆಯ ಮಸಿ ಹಿಡಿಯಲು ಡಿಪಿಎಫ್ ಎಂಬ ಫಿಲ್ಟರ್ ಇರುತ್ತದೆ. ಮಸಿ ತುಂಬಿದಂತೆ ಅದು ತನ್ನನ್ನು ತಾನೇ ಸುಟ್ಟು ಸ್ವಚ್ಛ ಮಾಡಿಕೊಳ್ಳಬೇಕು. ಅದಕ್ಕೆ ಒಳಗೆ 500-600 ಡಿಗ್ರಿ ಬಿಸಿ ಬೇಕು. ಗಾಡಿ ಹದವಾದ ವೇಗದಲ್ಲಿ ಒಂದಿಷ್ಟು ಹೊತ್ತು ಬಿಡದೆ ಓಡಿದರೆ ಆ ಬಿಸಿ ತಾನಾಗಿ ಹುಟ್ಟುತ್ತದೆ. ನಿಂತು ನಿಂತು ಹೋದರೆ ಹುಟ್ಟುವುದಿಲ್ಲ. ಮಸಿ ಕಟ್ಟಿ, ಲೈಟು ಹತ್ತಿ, ಕೊನೆಗೆ ಇಂಜಿನ್ ಪಿಕಪ್ ಬಿಡುತ್ತದೆ. ನಿಲ್ಲಿಸಿ ಬಟನ್ ಒತ್ತಿ ಸುಡಿಸಬಹುದು. ಆದರೆ ಸೈಲೆನ್ಸರ್ ಕೆಂಡದಂತೆ ಕಾಯುತ್ತದೆ, ಕಬ್ಬಿನ ಹೊಲದಲ್ಲಿ ಒಣಗಿದ ರವದಿಯ ಮೇಲೆ ನಿಂತು ಆ ಕೆಲಸ ಮಾಡುವಂತಿಲ್ಲ.

ತಮ್ಮ ಏನೂ ಮಾತಾಡಲಿಲ್ಲ. ಯಾರ್ಡಿಗೆ ಗಾಡಿ ತಿರುಗಿ ಒಯ್ಯುವಾಗ ಹಾಡೂ ಹಚ್ಚಲಿಲ್ಲ.

ಬೀಳಗಿ: ಎರಡು ಆರ್‌ಸಿ

ಮರುದಿನ ಬೈಕಿನಲ್ಲಿ ಬೀಳಗಿ. ಕೃಷ್ಣೆಗೆ ಆಲಮಟ್ಟಿಯಲ್ಲಿ ಅಣೆಕಟ್ಟು ಕಟ್ಟಿದ ಮೇಲೆ ಈ ತಾಲ್ಲೂಕಿನ ಊರುಗಳ ನಕಾಶೆಯೇ ಬದಲಾಗಿದೆ. ನೀರು 519.6 ಮೀಟರಿಗೆ ನಿಂತಾಗ ಹಳೇ ಊರುಗಳು ಮುಳುಗಿದವು. 524.256 ಮೀಟರಿಗೆ ಏರಿಸಬಹುದೆಂದು 2010ರಲ್ಲಿ ನ್ಯಾಯಮಂಡಳಿ ಹೇಳಿದ ಮೇಲೆ ಉಳಿದವರಿಗೂ ನೆಮ್ಮದಿಯಿಲ್ಲ. ಪುನರ್ವಸತಿ ಕೇಂದ್ರಕ್ಕೆ ಇಲ್ಲಿ ಎಲ್ಲರೂ ಆರ್‌ಸಿ ಅನ್ನುತ್ತಾರೆ. ನಾವು ಗಾಡಿಯ ಆರ್‌ಸಿ ವಿಚಾರಿಸಿದರೆ ಒಬ್ಬರು, "ಯಾವ ಆರ್‌ಸಿ ರೀ, ಊರಿಂದೋ ಗಾಡೀದೋ?" ಎಂದು ಕೇಳಿದರು.

ಲಾರಿ ಡ್ರೈವರುಗಳ ನಡುವೆ ಯಾವ ಗಾಡಿಯೂ ಗುಟ್ಟಾಗಿ ಉಳಿಯುವುದಿಲ್ಲ. ಸಿದ್ಧೇಶ್ವರ ಗುಡಿಯ ಹತ್ತಿರ ಇಬ್ಬರನ್ನು ಕೇಳುವಷ್ಟರಲ್ಲಿ ಮನೆಯ ದಾರಿ ಸಿಕ್ಕಿತು. ಅರವತ್ತು ದಾಟಿದ ಹಿರಿಯರು. ನಾವು ಯಾಕೆ ಬಂದೆವೆಂದು ಹೇಳಿದಾಗ ಸ್ವಲ್ಪ ಹೊತ್ತು ಸುಮ್ಮನಿದ್ದು, ಒಳಗೆ ಕರೆದು ನೀರು ಕೊಡಿಸಿದರು.

ಮುಳುಗಿದ ಹೊಲದ ಪರಿಹಾರದ ಹಣ, ಅದರ ಮೇಲೆ ಸಾಲ. ಮಗನಿಗೆ ಬದುಕಾಗಲಿ ಎಂದು ಹೊಸ ಲಾರಿ ತಂದಿದ್ದರು. ಕಬ್ಬಿಗೆ ಹಚ್ಚಿದರು. ಹೊಲದಿಂದ ಫ್ಯಾಕ್ಟರಿಗೆ ಹತ್ತು-ಹದಿನೈದು ಕಿಲೋಮೀಟರ್. ಅಲ್ಲಿ ಯಾರ್ಡಿನಲ್ಲಿ ಪಾಳಿ. ರಾತ್ರಿಯಿಡೀ ಇಂಜಿನ್ ಚಾಲೂ ಇಟ್ಟುಕೊಂಡು ಹೆಜ್ಜೆ ಹೆಜ್ಜೆ ಮುಂದಕ್ಕೆ.

"ಮೊದಲ ಹಂಗಾಮಿನ್ಯಾಗ ಐದ ಸಲ ವರ್ಕ್‌ಶಾಪ್ ಕಂಡಿತ್ರಿ. ಒಮ್ಮೆ ಕಬ್ಬು ಹೇರಿದ್ದಂಗ ನಿಂತಬಿಡ್ತು. ಎರಡ ದಿನ. ಕಬ್ಬು ಒಣಗಿ ತೂಕ ಇಳೀತು. ರೈತ ಬಾಡಿಗಿ ಕೊಡ್ಲಿಲ್ಲ, ನಾ ಕೇಳಲೂ ಇಲ್ಲ. ಅವಂದು ಏನ ತಪ್ಪು?"

ಕೊನೆಗೆ ವಕೀಲರ ನೋಟಿಸು ಹೋಯಿತು. ಕಂಪನಿಯವರು ಬಂದು ಮಾತಾಡಿ, ಓಡಿದ ಲೆಕ್ಕ ಮುರಿದುಕೊಂಡು ಉಳಿದ ಹಣ ಕೊಟ್ಟು ಗಾಡಿ ಒಯ್ದರು. ಮುಂದೆ ತಕರಾರಿಲ್ಲ ಎಂದು ಸಹಿ ಹಾಕಿಸಿಕೊಂಡರು.

"ಗಾಡಿ ಕೆಟ್ಟದ್ದೇನ್ರಿ?" ತಮ್ಮ ಕೇಳಿದ. ದನಿಯಲ್ಲಿ ಇನ್ನೂ ಆಸೆ ಇತ್ತು.

ಹಿರಿಯರು ಯೋಚಿಸಿ ಹೇಳಿದರು. "ಸುಳ್ಳ ಹೇಳಬಾರದು. ಹಂಗಾಮ ಮುಗದ ಮ್ಯಾಲೆ ಹುಬ್ಬಳ್ಳಿಗೆ ನಾಕ ಟ್ರಿಪ್ ಹೊಡದ್ವಿ. ಕೊಲ್ಹಾರದಿಂದ ಅನಗವಾಡಿ, ಗದ್ದನಕೇರಿ, ಕೆರೂರ, ಹೈವೇ ತುಂಬ ಒಂದೂ ಲೈಟ್ ಹತ್ತಲಿಲ್ಲ. ನಮ್ಮ ಕೆಲಸಕ್ಕ ಅದು ಕೂಡಿ ಬರಲಿಲ್ಲ. ಒಳಗ ಇನ್ನೇನರ ಇತ್ತೋ, ಅದು ಅವರಿಗೇ ಗೊತ್ತು."

ಹೊರಡುವಾಗ ನಾನು ಫೋನ್ ತೆಗೆದು ಅವರಿಗೆ ಆ್ಯಪ್ ತೋರಿಸಿದೆ. ಗಾಡಿ ಇನ್ನೂ ನಿಮ್ಮ ಹೆಸರಿನಲ್ಲೇ ಇದೆ ಅಂದೆ. ಅವರಿಗೆ ಅರ್ಥವಾಗಲಿಲ್ಲ. "ರೊಕ್ಕ ಬಂತಲ್ಲ ತಂಗಿ. ಸಹಿ ಮಾಡೀನಿ. ನಂದ ಹ್ಯಾಂಗ ಆಗತೈತಿ?"

ಹೀಗೆ ಆಗುತ್ತದೆ. ಗಾಡಿ ಕೈ ಬದಲಾದರೂ ಆರ್‌ಸಿಯಲ್ಲಿ ಹೆಸರು ಬದಲಾಗದಿದ್ದರೆ, ಅಪಘಾತದ ಪರಿಹಾರಕ್ಕೆ ಕಾನೂನಿನ ಕಣ್ಣಿನಲ್ಲಿ ಮಾಲೀಕನೆಂದರೆ ಹೆಸರಿರುವವನೇ. ಸುಪ್ರೀಂ ಕೋರ್ಟ್ 2018ರ ಫೆಬ್ರುವರಿಯಲ್ಲಿ ನವೀನ್ ಕುಮಾರ್ ಪ್ರಕರಣದಲ್ಲಿ ಇದನ್ನು ಸ್ಪಷ್ಟವಾಗಿ ಹೇಳಿದೆ. ಆ ಪ್ರಕರಣದಲ್ಲಿ ಕಾರು ಒಬ್ಬರಿಂದ ಒಬ್ಬರಿಗೆ ಹಲವು ಕೈ ದಾಟಿತ್ತು, ಆದರೂ ಹೊಣೆ ಬಂದದ್ದು ದಾಖಲೆಯಲ್ಲಿ ಹೆಸರಿದ್ದ ಮೊದಲನೆಯವನ ಮೇಲೆ. ಮಾರಿದವನು 14 ದಿನದೊಳಗೆ, ಕೊಂಡವನು 30 ದಿನದೊಳಗೆ ಆರ್‌ಟಿಒಗೆ ತಿಳಿಸಬೇಕು. ಹಳೇ ಗಾಡಿಗಳ ವ್ಯಾಪಾರಿಗಳಿಗೆ 2023ರ ಏಪ್ರಿಲ್‌ನಿಂದ ಬೇರೆ ನಿಯಮವೇ ಇದೆ: ಅಧಿಕೃತ ಡೀಲರ್ ಗಾಡಿ ಒಳಗೆ ತಗೊಂಡ ಮೇಲೆ ಅದನ್ನು ಪೋರ್ಟಲ್‌ನಲ್ಲಿ ದಾಖಲಿಸಬೇಕು, ಅಲ್ಲಿಂದ ಹೊಣೆ ಅವನದು. ಈ ಗಾಡಿಗೆ ಅದು ಆಗಿರಲಿಲ್ಲ. ಹಿಂದಿನ ದಿನ ನಾವು ಮುಧೋಳದವರೆಗೆ ಜೋರಾಗಿ ಓಡಿಸಿದ್ದು ಈ ಹಿರಿಯರ ಹೆಸರಿನ ಮೇಲೆ. ಒಂದು ಬೈಕಿಗೆ ತಾಗಿದ್ದರೂ ನೋಟಿಸು ಬರುತ್ತಿದ್ದದ್ದು ಈ ಮನೆಗೆ.

ಅವರು ಒಳಗೆ ಹೋಗಿ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಟ್ಟ ಕಾಗದ ತಂದರು. ನಾನು ಎಲ್ಲದರ ಫೋಟೊ ತೆಗೆದು, ಆರ್‌ಟಿಒಗೆ ಕೊಡಲು ಒಂದು ಅರ್ಜಿ ಬರೆದುಕೊಟ್ಟೆ. ಕೇಳಲು ಹೋದವಳು ಹೇಳಿ ಬಂದೆ.

ಮತ್ತೆ ಜಮಖಂಡಿ: ಒಂದು ಸಾಲು

ದಾರಿಯಲ್ಲಿ ತಮ್ಮ ಹೊಸ ಲೆಕ್ಕ ತೆಗೆದ. "ಯಕ್ಕಾ, ಕಬ್ಬಿಗೆ ಹಚ್ಚೋದ ಬ್ಯಾಡ. ಸೀರಿ ಗಂಟು ಹೇರ್ತೀನಿ. ಹೈವೇ ಮ್ಯಾಲೇ ಓಡಸ್ತೀನಿ. ಆಗ ಈ ಗಾಡಿ ಚಲೋನ ಐತಲ್ಲ?"

ತಳ್ಳಿಹಾಕುವ ಮಾತಲ್ಲ. ದೋಷ ಗಾಡಿಯಲ್ಲೋ, ಗಾಡಿ ಮತ್ತು ಕೆಲಸದ ಜೋಡಿಯಲ್ಲೋ ಎಂಬುದು ನಿಜವಾದ ಪ್ರಶ್ನೆ. ಆದರೆ ಮಾತು ಕೊಟ್ಟ ಬಾಡಿಗೆ ಇದ್ದದ್ದು ಕಬ್ಬಿನದು. ಸೀರೆ ಗಂಟಿನ ಬಾಡಿಗೆ ಇನ್ನೂ ಹುಡುಕಬೇಕು. ಕಂತು ಮಾತ್ರ ಮೊದಲ ತಿಂಗಳಿಂದಲೇ 29,500.

ಒಂದು ಷರತ್ತು ಇಡೋಣ ಅಂದೆ. ಈ ಗಾಡಿಯನ್ನು ಇಂಥ ಕಾರಣಕ್ಕೆ ವಾಪಸ್ ತಗೊಂಡೆವು, ಇಂಥ ಭಾಗ ಬದಲಾಯಿಸಿದೆವು, ಅದೇ ದೋಷ ವರ್ಷದೊಳಗೆ ಮತ್ತೆ ಬಂದರೆ ನಾವೇ ಮಾಡಿಕೊಡುತ್ತೇವೆ ಅಂತ ಬರೆದು ಕೊಡಲಿ. ಜಾಬ್ ಕಾರ್ಡುಗಳ ಪ್ರತಿ ಕೊಡಲಿ. ಕೊಟ್ಟರೆ ನನ್ನ 3 ಲಕ್ಷ ಇವತ್ತೇ.

ಹೀಗೆ ಬರಹ ಕೇಳಿದ್ದಕ್ಕೆ ಕಾರಣವಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ವ್ಯಾಪಾರಕ್ಕೆಂದು ಕೊಂಡವನು ಗ್ರಾಹಕನಲ್ಲ. ಆದರೆ ತನ್ನ ಹೊಟ್ಟೆಪಾಡಿಗೆ, ಸ್ವಂತ ದುಡಿಮೆಗೆ ಕೊಂಡವನು ಗ್ರಾಹಕನೇ. ಒಂದೇ ಲಾರಿ ಕೊಂಡು ತಾನೇ ಓಡಿಸುವ ತಮ್ಮನಂಥವರಿಗೆ ಜಿಲ್ಲಾ ಆಯೋಗದ ಬಾಗಿಲು ತೆರೆದೇ ಇದೆ, 50 ಲಕ್ಷದವರೆಗಿನ ವ್ಯವಹಾರಕ್ಕೆ, ಎರಡು ವರ್ಷದೊಳಗೆ ಹೋದರೆ. ಆದರೆ ಬಾಯಿಮಾತು ಹಿಡಿದುಕೊಂಡು ಹೋದರೆ ಅಲ್ಲಿ ಏನು ತೋರಿಸುವುದು?

ಯಾರ್ಡಿನಲ್ಲಿ ಈ ಸಲ ಮ್ಯಾನೇಜರೇ ಬಂದರು. ಬೆಲೆಯಲ್ಲಿ ನಲವತ್ತು ಸಾವಿರ ಬಿಟ್ಟರು. ನಾನು ಸುಮ್ಮನಿದ್ದೆ. ಇನ್ನೂ ಮೂವತ್ತು ಬಿಟ್ಟರು. ಟಾರ್ಪಾಲಿನ್ ಪುಕ್ಕಟೆ ಅಂದರು. ಆ ಒಂದು ಸಾಲು ಬರೆದು ಕೊಡಿ ಅಂದೆ.

"ಹಂಗೆಲ್ಲ ಬರದ ಕೊಡಾಕ ಬರೂದಿಲ್ಲ ಮೇಡಂ. ಪಾಲಿಸಿ ಇಲ್ಲ."

ಎಪ್ಪತ್ತು ಸಾವಿರ ಬಿಡುವವರು ಒಂದು ಸಾಲು ಬರೆಯಲು ಒಪ್ಪಲಿಲ್ಲ. ತಮ್ಮನ ಕಡೆ ನೋಡಿದೆ. ಬೀಗದ ಕೈ ಇನ್ನೂ ಅವನ ಕೈಯಲ್ಲಿತ್ತು. ಅದನ್ನು ಮೇಜಿನ ಮೇಲಿಟ್ಟು ಎದ್ದ. ನಾನು ಏನೂ ಹೇಳಬೇಕಾಗಲಿಲ್ಲ.

ಮನೆಗೆ ಹೋಗುವ ಮನಸ್ಸಿರಲಿಲ್ಲ. ಬೈಕು ಚಿಕ್ಕಪಡಸಲಗಿಯ ಕಡೆ ತಿರುಗಿತು. ಕೃಷ್ಣೆಗೆ ಅಡ್ಡಲಾಗಿ ಅಲ್ಲೊಂದು ಬ್ಯಾರೇಜು. 1989ರಲ್ಲಿ ಸಿದ್ದು ನ್ಯಾಮಗೌಡರ ಮುಂದಾಳತ್ವದಲ್ಲಿ ರೈತರೇ ಹಣ ಕೂಡಿಸಿ, ದುಡಿದು ಕಟ್ಟಿಕೊಂಡದ್ದು. ಹೆಸರೇ ಶ್ರಮಬಿಂದು ಸಾಗರ. ನೀರು ನೋಡುತ್ತಾ ಬಹಳ ಹೊತ್ತು ಕೂತೆವು. ಅವ್ವನ ಬಂಗಾರ, ನನ್ನ ಉಳಿತಾಯ, ಅವನ ಆರು ವರ್ಷ. ನಾವೂ ಮೂವರು ಕೂಡಿಸಿದ್ದೆವು. ಕೂಡಿಸಿದ ಹಣ ಎಲ್ಲಿ ಹಾಕುತ್ತೇವೆ ಎಂದು ಎರಡು ದಿನ ಕೇಳಿದ್ದು ಹೆಚ್ಚಾಯಿತೇ?

"ಸಿಟ್ಟ ಬಂತೇನೋ?" ಕೇಳಿದೆ.

"ನಿನ್ನ ಮ್ಯಾಲೆ ಅಲ್ಲ ಬಿಡು" ಅಂದ. ಸ್ವಲ್ಪ ಹೊತ್ತಿನ ಮೇಲೆ, "ಆ ಗಾಡಿ ಛಲೋ ಓಡತಿತ್ತಲ್ಲಕ್ಕಾ" ಅಂದ. ಹೌದು ಅಂದೆ. ನಿಜವೇ ಅದು.

ಆ ಹಂಗಾಮು ಅವನು ಬೇರೆಯವರ ಗಾಡಿಯನ್ನೇ ಓಡಿಸಿದ. ಬೀಳಗಿಯ ಹಿರಿಯರು ಒಂದು ದಿನ ಫೋನ್ ಮಾಡಿ, ಆರ್‌ಟಿಒಗೆ ಅರ್ಜಿ ಕೊಟ್ಟು ಸ್ವೀಕೃತಿ ತಗೊಂಡೆ ಎಂದರು. ಹೆಸರು ಬದಲಾಗುವವರೆಗೂ ವಾರಕ್ಕೊಮ್ಮೆ ಮೊಮ್ಮಗನ ಕೈಯಲ್ಲಿ ಆ್ಯಪ್ ತೆಗೆಸಿ ನೋಡುತ್ತಿದ್ದರಂತೆ.

ಕಳೆದ ತಿಂಗಳು ತಮ್ಮ ಇನ್ನೊಂದು ಲಾರಿ ನೋಡಲು ತೇರದಾಳಕ್ಕೆ ಹೋಗಿದ್ದ. ಬಿಎಸ್-4, 2019ರದು. ಆ ಫಿಲ್ಟರಿನ ರಗಳೆ ಇಲ್ಲ. ಆದರೆ ವಯಸ್ಸಾಗಿದೆ, ಬಣ್ಣ ಹೋಗಿದೆ. ನಾನು ಬೆಂಗಳೂರಿನಿಂದ ಫೋನಿನ ಲೈನಿನಲ್ಲೇ ಇದ್ದೆ. ಮಾಲೀಕರು ಮನೆಯಿಂದ ಹೊರಗೆ ಬಂದ ಸದ್ದು ಕೇಳಿಸಿತು. ತಮ್ಮ ಟೈರು ನೋಡಲಿಲ್ಲ, ಬೆಲೆ ಕೇಳಲಿಲ್ಲ.

"ಕಾಕಾ, ಇದನ್ನ ಯಾಕ ಮಾರಾಕತ್ತೀರಿ?" ಅಂದ.